ಬ್ಯಾರಿ ಮುದುಕನ ಗುಟ್ಟು

ಲೋ ಸೀನ,

ಹೋದ್ವಾರ ಫೋನಲ್ಲಿ ಯಾವ್ದೋ ಮುದುಕನ ಕಥೆ ಓದ್ತಿದೀನಿ ಅಂದಿದ್ನಲ್ಲ, ನಿನ್ನೆ ರಾತ್ರಿ ಮುಗೀತು ಕಣೋ, ನಿದ್ದೇನೂ ಬರ್ಲಿಲ್ಲ, ಅದಕ್ಕೇ ಬರೀತಿದೀನಿ. ಬರ್ನಾರ್ಡಿನ್ ಎವರಿಸ್ಟೊ ಬರೆದಿರೋ ಮಿಸ್ಟರ್ ಲವರ್‌ಮನ್, 2013ರ ಕಾದಂಬರಿ. ನಮ್ಮಲ್ಲಿ ವಸುಧೇಂದ್ರರ ಮೋಹನಸ್ವಾಮಿ ಬಂದಿದ್ದೂ ಅದೇ ವರ್ಷ, ನೀನು ಇಸ್ಕೊಂಡು ಹೋಗಿ ಇನ್ನೂ ವಾಪಸ್ ಕೊಡದೇ ಇರೋ ಪುಸ್ತಕ, ನೆನಪಿದ್ಯಾ?

ಮುದುಕನ ಹೆಸ್ರು ಬ್ಯಾರಿಂಗ್ಟನ್ ವಾಕರ್, ಕರೆಯೋದು ಬ್ಯಾರಿ ಅಂತ, ವಯಸ್ಸು 74. ಕೆರಿಬಿಯನ್ನಿನ ಆಂಟಿಗಾ ದ್ವೀಪದಲ್ಲಿ ಹುಟ್ಟಿ ಲಂಡನ್ನಿನ ಹ್ಯಾಕ್ನಿಗೆ ಬಂದು ಮನೆ ಮೇಲೆ ಮನೆ ತಗೊಂಡು ಬಾಡಿಗೆಗೆ ಬಿಟ್ಟು ದುಡ್ಡು ಮಾಡ್ಕೊಂಡಿರೋ ಆಸಾಮಿ, ಹಳೇ ಕಾಲದ ಸೂಟು, ತಲೆ ಮೇಲೆ ಹ್ಯಾಟು, ಬಾಯ್ಬಿಟ್ರೆ ಶೇಕ್ಸ್‌ಪಿಯರು. ಕಾರ್ಮೆಲ್‌ನ ಮದ್ವೆಯಾಗಿ 50 ವರ್ಷ, ಇಬ್ರು ಹೆಣ್ಮಕ್ಳು, ಒಬ್ಬ ಮೊಮ್ಮಗ. ಆದ್ರೆ ಮನಸ್ಸಿರೋದು ಮೋರಿಸ್ ಮೇಲೆ, ಊರಲ್ಲಿ ಹುಡುಗ್ರಾಗಿದ್ದಾಗಿಂದ. ಎಲ್ರ ಕಣ್ಣಿಗೂ ಅವರಿಬ್ರು ಜೀವದ ಗೆಳೆಯರು, ಅಷ್ಟೆ. ಲೇಟಾಗಿ ಕುಡ್ಕೊಂಡು ಮನೆಗೆ ಬಂದ್ರೆ ಕಾರ್ಮೆಲ್ ಯಾವಳ ಹತ್ರ ಹೋಗಿದ್ದೆ ಅಂತ ರೇಗ್ತಾಳೆ, ಇವನು ಆ ಅಪವಾದ ಹೊತ್ಕೊಂಡು ಸುಮ್ನಿರ್ತಾನೆ, ಹೆಣ್ಣಿನ ಹುಚ್ಚು ಅಂದ್ರೆ ಜನ ಬೈದು ಮರೀತಾರೆ, ನಿಜ ಗೊತ್ತಾದ್ರೆ ಬಿಡ್ತಾರಾ. ಇಂಗ್ಲೆಂಡಲ್ಲಿ ಗಂಡು ಗಂಡಿನ ಸಂಬಂಧ ಅಪರಾಧ ಅನ್ನೋ ಕಾನೂನು 1967ರಲ್ಲೇ ಸಡಿಲ ಆಗಿದ್ರೂ ಹೆಂಡ್ತಿ ಕಡೆಯ ಚರ್ಚಿನ ಗೆಳತೀರಿಗೆ ಅದು ಯಾವ ಲೆಕ್ಕ. ಆಂಟಿಗಾದಲ್ಲಂತೂ ಕೋರ್ಟು ಅಂಥ ಕಾನೂನನ್ನ ತೆಗೆದುಹಾಕಿದ್ದೇ 2022ರಲ್ಲಿ.

ಇಷ್ಟಾದ್ರೂ ಪುಸ್ತಕ ಅಳುಬುರುಕು ಅಲ್ಲ ಮಾರಾಯ, ಮುದುಕನ ಬಾಯಿ ಅಂಥದ್ದು. ಹೋಮೋಸೆಕ್ಷುವಲ್ ಗೀಮೋಸೆಕ್ಷುವಲ್ ಅನ್ನೋ ಪದಗಳೆಲ್ಲ ನಂಗೆ ಬೇಡ, ನಾನು ಬ್ಯಾರಿಸೆಕ್ಷುವಲ್ ಅಂತಾನೆ! ನಾನು ಬಿದ್ದೂ ಬಿದ್ದೂ ನಗ್ತಿರೋದು ಕೇಳಿ ನಮ್ಮನೆಯವಳು ಅಡುಗೆಮನೆಯಿಂದ ಬಂದ್ಲು, ಕಥೆ ಹೇಳ್ದೆ, ಅವಳು ನಗ್ಲಿಲ್ಲ. ಕೈಲಿದ್ದ ಸೌಟು ಹಿಡ್ಕೊಂಡೇ ನಿಂತು "ಆ ಹೆಂಗ್ಸು ಐವತ್ತು ವರ್ಷ ಯಾರ ಜೊತೆ ಬಾಳಿದ್ಲು ಹಾಗಾದ್ರೆ?" ಅಂದ್ಲು.

ಅದನ್ನೇ ತಲೇಲಿಟ್ಕೊಂಡು ಕಾರ್ಮೆಲ್ ಭಾಗಗಳನ್ನ ಮತ್ತೆ ತಿರುಗಿಸಿ ಓದ್ದೆ. ಬ್ಯಾರಿ ನಾನು ನಾನು ಅಂತ ಬೀಗ್ತಾ ಹೇಳಿದ್ರೆ ಇವಳದ್ದು ಪದ್ಯದ ಥರ, ಸಾಲು ಮುರ್ಕೊಂಡು ಮುರ್ಕೊಂಡು, ಅವಳನ್ನೇ ನೀನು ನೀನು ಅಂತ ಕರ್ಕೊಂಡು ಹೋಗುತ್ತೆ, ಫುಲ್‌ಸ್ಟಾಪೇ ಇಲ್ಲ, ನಿಲ್ಲೋಕೆ ಜಾಗಾನೇ ಕೊಡಲ್ಲ. ದೇವರ ಮುಂದೆ ಮಂಡಿಯೂರಿದಾಗ್ಲೂ ಅವಳ ತಲೇಲಿ ಇವನೇ. ಬ್ಯಾರಿಗೆ ಕೊನೇಪಕ್ಷ ಮೋರಿಸ್ ಇದ್ದ. ನಂಗೆ ಮುದುಕನ ಮೇಲೆ ಸಿಟ್ಟು ಬಂತು, ಆದ್ರೆ ಎರಡು ಪುಟ ತಿರುಗ್ಸಿದ್ರೆ ಮತ್ತೆ ಅವನ ಜೋಕಿಗೆ ನಗು ಬರುತ್ತೆ, ಏನ್ ಮಾಡ್ತೀಯ. ಕಾರ್ಮೆಲ್‌ಗೂ ಒಂದು ಗುಟ್ಟಿದೆ, ಅದನ್ನ ಹೇಳಲ್ಲ.

2024ರಲ್ಲಿ ಬಿಬಿಸಿಯೋರು ಸೀರಿಯಲ್ಲೂ ಮಾಡಿದಾರೆ, ಲೆನ್ನಿ ಜೇಮ್ಸ್ ಬ್ಯಾರಿ ಪಾತ್ರ. ನೀನು ಮೊದ್ಲು ಓದು. ಆದ್ರೆ ಮೋಹನಸ್ವಾಮಿ ವಾಪಸ್ ಬರೋವರೆಗೂ ಇದು ನನ್ನ ಬೀರುವಿಂದ ಆಚೆ ಬರಲ್ಲ.

ನಿನ್ನ,
ರಘು