ಬಾಯ್ಲರಿನ ಇನ್ನೊಂದು ಗುಂಡಿ

ಬ್ರಿಟನ್ನಿನ ಆತ್ಮೀಯ ಕನ್ನಡ ಬಂಧುಗಳೇ,

ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಸರಿಯಿತು. ಇನ್ನು ಮಾರ್ಚ್ ತನಕ ನಮ್ಮೆಲ್ಲರ ಮನೆಯಲ್ಲೂ ಹೀಟಿಂಗ್ ನಡೆಯುತ್ತಲೇ ಇರುತ್ತದೆ. ಹಬ್ಬದ ದಿನಗಳಲ್ಲಿ ಬಾಯ್ಲರ್ ಮಾತೇ ಎನ್ನಬೇಡಿ. ಪ್ಲಾಸ್ಟಿಕ್ ಚೀಲದ ಬಗ್ಗೆ, ಊರಿಗೆ ಹೋಗಿಬರುವ ವಿಮಾನದ ಹೊಗೆಯ ಬಗ್ಗೆ ನಾವು ಮಾತಾಡಿದ್ದೇವೆ. ಅಡುಗೆಮನೆಯ ಕಪಾಟಿನಲ್ಲಿ ಗ್ಯಾಸ್ ಉರಿಸಿ ಮನೆ ಬೆಚ್ಚಗಿಡುವ ಬಿಳಿ ಪೆಟ್ಟಿಗೆಯ, ಅಂದರೆ ಬಾಯ್ಲರಿನ, ಲೆಕ್ಕ ಕೇಳಿದವರು ಕಡಿಮೆ.

ಬ್ರಿಟನ್ನಿನ ಸಾಧಾರಣ ಮನೆಗೆ ವರ್ಷಕ್ಕೆ 11,500 ಯೂನಿಟ್ (ಕಿಲೋವ್ಯಾಟ್ ಅವರ್) ಗ್ಯಾಸ್ ಎಂದು ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ 2023ರಲ್ಲಿ ಲೆಕ್ಕ ಹಿಡಿಯಿತು. ಒಂದು ಯೂನಿಟ್ ಉರಿದರೆ ಸುಮಾರು 180 ಗ್ರಾಂ ಇಂಗಾಲದ ಡೈಆಕ್ಸೈಡ್. ಗುಣಿಸಿದರೆ ಎರಡು ಟನ್‌ಗೂ ಹೆಚ್ಚು. ಅದರಲ್ಲಿ ಬಹುಪಾಲು ಕೋಣೆ ಬೆಚ್ಚಗಿಡಲಿಕ್ಕೇ ಹೋಗುತ್ತದೆ. ಈ ದೇಶದ ಕಟ್ಟಕಡೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ, ರ‍್ಯಾಟ್‌ಕ್ಲಿಫ್‌ನದು, 2024ರ ಸೆಪ್ಟೆಂಬರ್ 30ರಂದು ನಿಂತಿತು. ಹೀಗೆ ನಮ್ಮ ಕರೆಂಟಿನ ಹೊಗೆ ಇಳಿದಿದೆ. ಬಾಯ್ಲರಿನದು ಇಳಿಯಬೇಕಾದರೆ ನಾವೇ ಕೈ ಹಾಕಬೇಕು.

ಕೋಣೆ ಎಷ್ಟು ಬೆಚ್ಚಗಿರಬೇಕೆಂದು ನಿರ್ಧರಿಸುವ ಥರ್ಮೋಸ್ಟಾಟ್ ಇಳಿಸಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳಹೊರಟಿರುವ ಗುಂಡಿ ಅದಲ್ಲ. ನಲ್ಲಿಗೂ ರೇಡಿಯೇಟರಿಗೂ (ಬಿಸಿನೀರು ಹರಿದು ಕೋಣೆ ಬೆಚ್ಚಗಾಗಿಸುವ ಗೋಡೆಯ ಫಲಕ) ನೀರು ಕಾಯಿಸುವ ಕಾಂಬಿ ಬಾಯ್ಲರಿನ ಮುಂದೆ ಎರಡು ಗುಂಡಿಗಳಿರುತ್ತವೆ, ಅವುಗಳ ಮೇಲೆ ಗುರುತು: ಒಂದು ನಲ್ಲಿಯದು, ಇನ್ನೊಂದು ರೇಡಿಯೇಟರಿನದು. ರೇಡಿಯೇಟರಿಗೆ ಹೋಗುವ ನೀರು ಎಷ್ಟು ಬಿಸಿಯಾಗಿರಬೇಕು ಎಂಬುದನ್ನು ಈ ಎರಡನೆಯದು ನಿರ್ಧರಿಸುತ್ತದೆ. ಎಷ್ಟೋ ಮನೆಗಳಲ್ಲಿ ಅದು 70–80 ಡಿಗ್ರಿಯಲ್ಲೇ ಇದೆ, ಬಾಯ್ಲರ್ ಕೂರಿಸಿದವರು ಬಿಟ್ಟುಹೋದ ಹಾಗೆ. ಈಗಿನ ಬಾಯ್ಲರುಗಳೆಲ್ಲ ಕಂಡೆನ್ಸಿಂಗ್ ಜಾತಿಯವು. ಗ್ಯಾಸ್ ಉರಿದಾಗ ಹುಟ್ಟುವ ಹಬೆಯನ್ನು ಮತ್ತೆ ನೀರಾಗಿಸಿ, ಅದರ ಶಾಖವನ್ನೂ ಹಿಡಿದುಕೊಳ್ಳುವಂಥವು. ಗ್ಯಾಸಿನ ಒಟ್ಟು ಶಾಖದಲ್ಲಿ ಸುಮಾರು ಹತ್ತನೇ ಒಂದು ಪಾಲು ಆ ಹಬೆಯಲ್ಲಿರುತ್ತದೆ. ಆದರೆ ಮನೆ ಸುತ್ತಿ ಬಾಯ್ಲರಿಗೆ ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. ನೀರು ಅದಕ್ಕಿಂತ ಬಿಸಿಯಾಗಿ ಬಂದರೆ ಹಬೆ ಹೊರಗೋಡೆಯ ಕೊಳವೆಯಿಂದ ಹಾಗೇ ಹಾರಿಹೋಗುತ್ತದೆ. ದುಡ್ಡು ಕೊಟ್ಟದ್ದು ನಾವು, ಬೆಚ್ಚಗಾದದ್ದು ಬೀದಿ.

ರೇಡಿಯೇಟರಿನ ಗುಂಡಿಯನ್ನು 60ಕ್ಕೆ ಇಳಿಸಿ; ಮನೆ ಸುತ್ತಿ ಮರಳುವಾಗ ನೀರು ಇನ್ನೂ ತಣ್ಣಗಾಗಿರುತ್ತದೆ. ಕೋಣೆ ಬಿಸಿಯಾಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಸಣ್ಣ ಉರಿಯಲ್ಲಿ ಹಾಲು ಕಾಯಿಸಿದ ಹಾಗೆ. ಥರ್ಮೋಸ್ಟಾಟ್ ಮುಟ್ಟಬೇಕಿಲ್ಲ, ಮನೆಯ ಬೆಚ್ಚಗೆಯೂ ಕಡಿಮೆಯಾಗುವುದಿಲ್ಲ. ಒಂದು ಎಚ್ಚರಿಕೆ: ಬಿಸಿನೀರಿನ ಸಿಲಿಂಡರ್ ಬೇರೆ ಇರುವ ಮನೆಯವರು ತಿಳಿದವರನ್ನು ಕೇಳದೆ ಇಳಿಸಬೇಡಿ. ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯದಿರಲು ಆ ನೀರನ್ನು 60 ಡಿಗ್ರಿಯಲ್ಲಿ ಇಡಬೇಕು.

ಜನವರಿಯ ಚಳಿಯಲ್ಲೂ 50–55 ಡಿಗ್ರಿಯ ನೀರಲ್ಲೇ ನಿಮ್ಮ ಮನೆ ಬೆಚ್ಚಗಿದ್ದರೆ, ಹೀಟ್ ಪಂಪಿಗೆ (ಹೊರಗಿನ ಗಾಳಿಯ ಶಾಖ ಹೀರಿ, ಇಂಥದೇ ಕಡಿಮೆ ಬಿಸಿಯ ನೀರಲ್ಲಿ ಮನೆ ಕಾಯಿಸುವ ಕರೆಂಟಿನ ಯಂತ್ರ) ನಿಮ್ಮ ರೇಡಿಯೇಟರುಗಳು ಸಾಕು ಎಂಬುದಕ್ಕೆ ಅದು ಒಳ್ಳೆಯ ಸೂಚನೆ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತದೆ. 2023ರ ಅಕ್ಟೋಬರಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದರ ಸಹಾಯಧನ 7,500 ಪೌಂಡಿಗೆ ಏರಿತು. ಬಾಯ್ಲರ್ ಹಳತಾಗಿದ್ದರೆ ಅದು ಕೆಟ್ಟು ನಿಲ್ಲುವ ಮುಂಚೆಯೇ ವಿಚಾರಿಸಿಡಿ. ನಡುಚಳಿಯಲ್ಲಿ ಕೆಟ್ಟರೆ, ಮರುದಿನವೇ ಸಿಗುವ ಇನ್ನೊಂದು ಗ್ಯಾಸ್ ಬಾಯ್ಲರನ್ನೇ ಯಾರಾದರೂ ಹಾಕಿಸುವುದು.

ಊರಿಂದ ಅಪ್ಪ ಅಮ್ಮ ಬಂದಿರುವ ಮನೆಗಳಿಗೆ ಒಂದು ಮಾತು. 18 ಡಿಗ್ರಿಗಿಂತ ಕೆಳಗೆ ಮನೆ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಯಸ್ಸಾದವರಿಗೆ, ಎಳೆಯ ಮಕ್ಕಳಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕು. ಅವರನ್ನು ಚಳಿಯಲ್ಲಿ ಕೂರಿಸಿ ಇಂಗಾಲ ಉಳಿಸುವುದು ಬೇಡವೇ ಬೇಡ. ಉಳಿಸಬೇಕಾದಲ್ಲಿ ಉಳಿಸೋಣ: ಒಗ್ಗರಣೆ ಘಾಟಿಗೆ ಕಿಟಕಿ ತೆರೆದು ಗಂಟೆಗಟ್ಟಲೆ ಮರೆಯುವುದು, ಯಾರೂ ಮಲಗದ ಕೋಣೆಯ ರೇಡಿಯೇಟರನ್ನು ಪೂರ್ತಿ ತೆರೆದಿಡುವುದು, ಇವೆರಡನ್ನೂ ಬಿಡೋಣ.

ಬೇಸಿಗೆಯ ವಿಷಯ ಬೇಸಿಗೆಗಿರಲಿ ಎನ್ನುವಂತಿಲ್ಲ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ಬಿಸಿಲಿತ್ತು. ಸೆಕೆ ಬಂದಾಗ ಎಸಿ ಕೊಳ್ಳುವ ಮುಂಚೆ ರಾಯಚೂರು, ಕಲಬುರಗಿ ಕಡೆಯವರನ್ನು ಕೇಳಿ. ಹೊರಗೆ ಕಾದಿರುವಾಗ ಕಿಟಕಿ ಮುಚ್ಚಬೇಕು, ರಾತ್ರಿ ತಂಪಾದ ಮೇಲೆ ಎದುರುಬದುರು ತೆರೆಯಬೇಕು. ಬಿಸಿಲನ್ನು ಗಾಜಿನ ಒಳಗೆ ಪರದೆಯಿಂದ ತಡೆಯುವುದಕ್ಕಿಂತ ಹೊರಗೇ ತಡೆಯುವುದು ಮೇಲು.

ನಮ್ಮ ಸದಸ್ಯರಲ್ಲಿ ಹೀಟ್ ಪಂಪ್ ಹಾಕಿಸಿದವರಿದ್ದರೆ ಖರ್ಚು, ಸದ್ದು, ಬಿಲ್ಲು ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಕಾದಿರಿಸುತ್ತೇವೆ.