ಮಲ್ಪೆಗೆ ಹೊರಟವರ ಗಮನಕ್ಕೆ

ಭಾನುವಾರ ಚಿಕ್ಕಮಗಳೂರಿನಿಂದ ಎರಡನೇ ತಂಡ ಮಲ್ಪೆಗೆ ಹೊರಡುತ್ತಿದೆ, ಅದಕ್ಕೇ ಈ ಮಾತು. ಹೋದ ಸಲ ಸೇಂಟ್ ಮೇರೀಸ್ ದ್ವೀಪದ ಹತ್ತಿರ ನಮ್ಮವರೊಬ್ಬರು (ಹೆಸರು ಬೇಡ, ಮನೆಯವರೂ ಈ ಗುಂಪಿನಲ್ಲಿದ್ದಾರೆ) ಸೆಲ್ಫಿಗೆಂದು ಎದ್ದು ನಿಂತರು. ಅಲೆಗೆ ಬೋಟು ವಾಲಿತು. ಬೀಳುವ ಭಯಕ್ಕೆ ಇಂಜಿನ್ ಪಕ್ಕದ ಕೆಂಪು ದಾರವನ್ನು ಎಳೆದೇ ಬಿಟ್ಟರು. ಇಂಜಿನ್ ಟಪ್ ಅಂತ ನಿಂತಿತು. ಅರ್ಧ ಜನ ದೇವರನ್ನು ಕರೆದರು, ಉಳಿದವರು ಕಿರುಚಿದರು. ಬೋಟಿನವರು ಮಾತ್ರ ನಗುತ್ತಾ ದಾರವನ್ನು ಮತ್ತೆ ಸಿಕ್ಕಿಸಿದರು. ಓಡಿಸುವವರು ನೀರಿಗೆ ಬಿದ್ದರೆ ಇಂಜಿನ್ ತಾನಾಗಿ ನಿಲ್ಲಲಿ ಅಂತ ಇರುವ ದಾರ ಅದು. ಹಿಡಿಕೆ ಅಲ್ಲ!

ಬೋಟು ನಿಲ್ಲುವವರೆಗೂ ಕೂತೇ ಇರಿ. ಲೈಫ್ ಜಾಕೆಟ್ಟಿನ ಬಕಲ್ ಹಾಕಿಕೊಳ್ಳಿ, ಸುಮ್ನೆ ಹೆಗಲಿಗೆ ನೇತುಹಾಕಬೇಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ಜಾಸ್ತಿ ಬೇಡ, ಮುಂದೆ ಚಾರ್ಮಾಡಿ ತಿರುವುಗಳಿವೆ ಅಲ್ವಾ. ವ್ಯಾನು ಬೆಳಿಗ್ಗೆ 5ಕ್ಕೆ.