ಅಜ್ಜಿಯ ಸೀರೆಯ ಜಾಕೆಟ್ಟಿಗೂ ಕಾಲೇಜಿನ ಗೇಟು ತೆರೆಯಲಿ

ಮಾನ್ಯ ಸಂಪಾದಕರೇ,

ಇಂದಿನ ಯುವಜನ ಕೊರಿಯಾದ ಹಾಡು, ಹರಿದ ಜೀನ್ಸ್, ರೀಲ್ಸ್‌ಗಳಲ್ಲಿ ಮುಳುಗಿ ನಮ್ಮ ಉಡುಗೆ ತೊಡುಗೆಯನ್ನೇ ಮರೆತಿದ್ದಾರೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ನೊಂದು ಬರೆದಿದ್ದರು. ಅವರ ಕಳಕಳಿ ಅರ್ಥವಾಗುತ್ತದೆ, ಆರೋಪವನ್ನು ಮಾತ್ರ ಒಪ್ಪಲಾರೆ. ನಾನು ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ಹೊಲಿಗೆ ಕಲಿಸುವವಳು. ಹುಡುಗಿಯರು ಏನು ತೊಡಲು ಆಸೆಪಡುತ್ತಾರೆ, ಅದಕ್ಕೆ ಅಡ್ಡ ಬರುವುದು ಏನು ಎಂಬುದನ್ನು ದಿನವೂ ಕಾಣುತ್ತೇನೆ.

ಕಳೆದ ವರ್ಷ ನನ್ನ ಬಳಿ ಕಲಿಯುವ ಹುಡುಗಿಯೊಬ್ಬಳು ಅಜ್ಜಿಯ ಮೊಳಕಾಲ್ಮುರು ಸೀರೆ ತಂದಳು. ಬೀರುವಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ, ಮಡಿಕೆಯ ಗೆರೆಯುದ್ದಕ್ಕೂ ಸೀಳಿತ್ತು. ಸೀಳಿದ ಭಾಗವನ್ನು ಬಿಟ್ಟು, ಗಟ್ಟಿಯಾಗಿದ್ದ ಸೆರಗು ಬೆನ್ನಿಗೆ ಬರುವಂತೆ ಕತ್ತರಿಸಿ, ಒಳಗೆ ಹತ್ತಿಯ ಲೈನಿಂಗ್ ಕೊಟ್ಟು, ಅಂಚನ್ನು ತೋಳಿನ ತುದಿಗೆ ಕೂರಿಸಿ ಸೊಂಟದವರೆಗಿನ ಜಾಕೆಟ್ ಹೊಲಿದಳು. ಜೀನ್ಸ್ ಮೇಲೆ ಅದನ್ನು ತೊಟ್ಟು, ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೊರಟಾಗ ನೋಡಲು ಎರಡು ಕಣ್ಣು ಸಾಲದು. ಕಾಲೇಜಿನ ಗೇಟಿನಲ್ಲಿ, ಇಲ್ಲಿ ಫ್ಯಾಷನ್ ಶೋ ನಡೆಯುತ್ತಿಲ್ಲ ಎಂದು ಅವಳನ್ನು ಹಿಂದಕ್ಕೆ ಕಳುಹಿಸಿದರು. ಅದು ಸಮವಸ್ತ್ರದ ದಿನವಾಗಿರಲಿಲ್ಲ. ಅಂಗಡಿಯ ಟೀ ಶರ್ಟ್ ತೊಟ್ಟಿದ್ದ ಗೆಳತಿಯರೆಲ್ಲ ಒಳಗೆ ಹೋದರು. ಜಿಲ್ಲೆಯ ನೇಕಾರರು ನೇಯ್ದ ಬಟ್ಟೆಯೊಂದೇ ಹೊರಗೆ ಉಳಿಯಿತು. ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

ಆ ಜಾಕೆಟ್ಟಿನ ಕಲ್ಪನೆ ಅವಳಿಗೆ ಬಂದದ್ದು ಇಂಡೊನೇಷ್ಯಾದ ಯುವಕ ಯುವತಿಯರ ವಿಡಿಯೊಗಳಿಂದ. "ಅಕ್ಕಾ, ಇಲ್ಲಿ ನೋಡಿ" ಎಂದು ಮೊಬೈಲ್ ಹಿಡಿದಾಗ ನಾನೂ ನೋಡಿದೆ, ಆಮೇಲೆ ಹುಡುಕಿ ಹುಡುಕಿ ನೋಡತೊಡಗಿದೆ. ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿ ಚಿತ್ತಾರ ಮೂಡಿಸುವ, ಸುಮಾರು ಎರಡೂವರೆ ಮೀಟರ್ ಉದ್ದದ ಬಾಟಿಕ್ ಬಟ್ಟೆಯನ್ನು ಸೊಂಟಕ್ಕೆ ಸುತ್ತಿ, ಮುಂದೆ ಬೆರಳಗಲದ ನೆರಿಗೆ ಹಿಡಿದು, ಮೇಲೆ ಟೀ ಶರ್ಟ್, ಕಾಲಿಗೆ ಬೂಟು ಹಾಕಿಕೊಂಡು ಜಕಾರ್ತಾದ ರೈಲು ಹತ್ತುತ್ತಾರೆ, ಕಾಫಿ ಅಂಗಡಿಯಲ್ಲಿ ಕೂರುತ್ತಾರೆ. ಹುಡುಗರೂ ಉಡುತ್ತಾರೆ. 'ಬರ್ಕಾಯಿನ್' ಎಂಬ ಹೆಸರಿನಲ್ಲಿ ಹಬ್ಬಿರುವ ಈ ಹವ್ಯಾಸಕ್ಕೆ ದರ್ಜಿಯ ಹಂಗೂ ಇಲ್ಲ. ಕೊರಿಯಾದ ಹಾಡಿನ ಹುಚ್ಚು ಅಲ್ಲಿ ನಮ್ಮಲ್ಲಿಗಿಂತ ಕಡಿಮೆಯೇನಲ್ಲ. 2023ರ ಮಾರ್ಚ್‌ನಲ್ಲಿ ಕೊರಿಯಾದ ಬ್ಲ್ಯಾಕ್‌ಪಿಂಕ್ ತಂಡ ಜಕಾರ್ತಾದ ಗೆಲೋರಾ ಬುಂಗ್ ಕಾರ್ನೊ ಕ್ರೀಡಾಂಗಣದಲ್ಲಿ ಎರಡು ರಾತ್ರಿ ಹಾಡಿತು. ಆ ಹಾಡು ಕೇಳುವ ಪೀಳಿಗೆಯೇ ಬಾಟಿಕ್ಕನ್ನೂ ಉಡುತ್ತಿದೆ.

ಇದು ತಾನಾಗಿ ಆದದ್ದಲ್ಲ. 2009ರ ಅಕ್ಟೋಬರ್ 2ರಂದು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಬಾಟಿಕ್ಕನ್ನು ಸೇರಿಸಿತು. ಈಗ ಆ ದಿನ ಅಲ್ಲಿ ರಾಷ್ಟ್ರೀಯ ಬಾಟಿಕ್ ದಿನ. ಅನೇಕ ಕಚೇರಿಗಳಲ್ಲಿ ಶುಕ್ರವಾರ ಬಾಟಿಕ್ ಅಂಗಿ ತೊಡುವ ರೂಢಿಯಿದೆ, ಎಷ್ಟೋ ಶಾಲೆಗಳಲ್ಲಿ ವಾರದ ಒಂದು ದಿನದ ಸಮವಸ್ತ್ರವೇ ಬಾಟಿಕ್. ಎಲ್ಲಕ್ಕಿಂತ ಮುಖ್ಯವಾದದ್ದು ಬೆಲೆ. ಚಾಂಟಿಂಗ್ ಎಂಬ, ಪುಟ್ಟ ತಾಮ್ರದ ಮೂತಿಯಿರುವ ಉಪಕರಣದಿಂದ ಬಿಸಿ ಮೇಣ ಹರಿಸಿ ಕೈಯಲ್ಲೇ ಚಿತ್ತಾರ ಬಿಡಿಸಿದ ಬಟ್ಟೆಗೆ ವಾರ, ತಿಂಗಳುಗಳೇ ಬೇಕು, ಬೆಲೆಯೂ ಹಾಗೆಯೇ. ತಾಮ್ರದ ಅಚ್ಚಿನಿಂದ ಮೇಣ ಒತ್ತಿದ್ದು ಅದಕ್ಕಿಂತ ಅಗ್ಗ. ಯಂತ್ರದಲ್ಲಿ ಮುದ್ರಿಸಿದ್ದು ಇನ್ನೂ ಅಗ್ಗ. ಮುದ್ರಿಸಿದ ಬಟ್ಟೆಯಿಂದ ಕುಶಲಕರ್ಮಿಗಳ ಹೊಟ್ಟೆಗೆ ಪೆಟ್ಟು ಬಿದ್ದಿದೆ ಎಂಬ ನೋವು ಅಲ್ಲಿದೆ, ಅದು ನ್ಯಾಯವಾದ ನೋವು. ಆದರೂ ವಿದ್ಯಾರ್ಥಿಯ ಕೈಗೆಟಕುವ ಬೆಲೆಯಲ್ಲಿ ಏನೋ ಒಂದು ಸಿಗುತ್ತದೆ. ನಮ್ಮ ಮೊಳಕಾಲ್ಮುರು ಸೀರೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಹೆಸರಿದೆ. ಸಾವಿರಾರು ರೂಪಾಯಿಯ ಆ ಸೀರೆಗಿಂತ ಕೆಳಗೆ ಪಿಯು ಹುಡುಗಿ ಕೊಳ್ಳಬಹುದಾದದ್ದು ಏನಿದೆ?

ಇನ್ನೊಂದು ಮಾತು. 2022ರಲ್ಲಿ ಚಿತಾಯಾಂ, ಬೊಜೊಂಗ್‌ಗೆಡೆ, ಡೆಪೊಕ್ ಕಡೆಯ ಹೊರವಲಯದ ಹದಿಹರೆಯದವರು ಅಗ್ಗದ ಉಪನಗರ ರೈಲಿನಲ್ಲಿ ಜಕಾರ್ತಾದ ದುಕುಹ್ ಆತಾಸ್‌ಗೆ ಬಂದು, ರಸ್ತೆ ದಾಟುವ ಬಿಳಿ ಪಟ್ಟಿಗಳ ಮೇಲೆಯೇ ತಮ್ಮ ಉಡುಗೆ ತೋರಿಸುತ್ತ ನಡೆದರು. ದೇಶವೆಲ್ಲ ಅವರತ್ತ ನೋಡಿತು. ಸಂಚಾರಕ್ಕೆ ಅಡ್ಡಿಯೆಂದು ಕೊನೆಗೆ ಅವರನ್ನು ಅಲ್ಲಿಂದ ಎಬ್ಬಿಸಿದರು. ನಮ್ಮ ಕೋಟೆಯ ಮುಂದೆ, ಸಂತೆ ಹೊಂಡದ ಬಳಿ ವಿಡಿಯೊ ಮಾಡುವ ಮಕ್ಕಳನ್ನು ಗದರಿಸುವ ಹಿರಿಯರನ್ನು ಕಂಡಾಗ ನನಗೆ ಜಕಾರ್ತಾದ ಆ ಹದಿಹರೆಯದವರು ನೆನಪಾಗುತ್ತಾರೆ. ಚೆನ್ನಾಗಿ ಉಟ್ಟು ನಾಲ್ಕು ಜನರ ಕಣ್ಣಿಗೆ ಬೀಳಬೇಕೆಂಬ ಆಸೆ ಬಡವರ ಮಕ್ಕಳಿಗೂ ಇರುತ್ತದೆ, ಇರಲಿ.

ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ನನ್ನ ಬಿನ್ನಹ ಇಷ್ಟೇ: ವರ್ಷಕ್ಕೊಮ್ಮೆ ಬಾಡಿಗೆ ಬಟ್ಟೆಯಲ್ಲಿ ನಡೆಸುವ ಎಥ್ನಿಕ್ ಡೇ ಸಾಲದು. ವಾರಕ್ಕೊಂದು ದಿನ ಕೈಮಗ್ಗದ ಬಟ್ಟೆಯನ್ನು, ಮಕ್ಕಳಿಗೆ ಇಷ್ಟವಾದ ಹೊಲಿಗೆಯಲ್ಲಿ, ಜೀನ್ಸ್ ಜೊತೆಗಾದರೂ ಸರಿ, ತೊಟ್ಟು ಬರಲು ಬಿಡಿ. ಕೈಮಗ್ಗ ಇಲಾಖೆ ಮೊಳಕಾಲ್ಮುರಿನ ನೇಕಾರರಿಂದ ಅದೇ ಅಂಚಿನ ಹತ್ತಿ ದುಪಟ್ಟಾ, ಎರಡೂವರೆ ಮೀಟರಿನ ತುಂಡುಗಳನ್ನು ನೇಯಿಸಿ ಚಿತ್ರದುರ್ಗದಲ್ಲೇ ಮಾರಾಟಕ್ಕಿಡಲಿ. ಅಲ್ಲಿಯವರೆಗೆ, ಮನೆಯಲ್ಲಿ ಸೀಳುಬಿಟ್ಟ ಸೀರೆಯಿದ್ದವರು ಅದನ್ನು ಪಾತ್ರೆಯವರಿಗೆ ಹಾಕಬೇಡಿ. ಯಾವ ಭಾಗ ಉಳಿಯುತ್ತದೆ, ಹೇಗೆ ಕತ್ತರಿಸಬೇಕು ಎಂಬುದನ್ನು ಯಾವ ವಿದ್ಯಾರ್ಥಿ ಬಂದು ಕೇಳಿದರೂ ಶುಲ್ಕವಿಲ್ಲದೆ ಹೇಳಿಕೊಡುತ್ತೇನೆ.

– ಹೊಲಿಗೆ ಶಿಕ್ಷಕಿ, ಚಿತ್ರದುರ್ಗ